ಲೋಡ್ ಮಾಡುವಾಗ ಫಾರಂನ ಮಾಹಿತಿ ಕಂಟ್ರೋಲರ್‌ಗೆ ಏಕೆ ತಲುಪುವುದಿಲ್ಲ?

ಎಎಸ್‌ಪಿ ಡಾಟ್‌ನೆಟ್ ಎಂವಿಸಿ ಎಂಬ ಜಾಲತಾಣ ಕಟ್ಟುವ ಚೌಕಟ್ಟಿನಲ್ಲಿ, ಜೇಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ‘ಲೋಡ್’ ಬಳಸಿ ಪುಟದ ಒಂದು ಭಾಗವನ್ನಷ್ಟೇ ತರಿಸುತ್ತಿದ್ದೀರಿ. ಭಾಗ ಬರುತ್ತಿದೆ, ಆದರೆ ಫಾರಂನಲ್ಲಿ ತುಂಬಿದ್ದು ಸರ್ವರ್‌ನಲ್ಲಿ ಕೋರಿಕೆಗಳನ್ನು ನಿರ್ವಹಿಸುವ ಕಂಟ್ರೋಲರ್‌ನಲ್ಲಿ ಖಾಲಿ ಕಾಣುತ್ತಿದೆ ಎಂದು ಕೇಳಿದ್ದೀರಿ. ವಿಳಾಸ ಒಂದನ್ನೇ ಕೊಟ್ಟರೆ ಲೋಡ್ ಆ ವಿಳಾಸಕ್ಕೆ ಬರಿಗೈಯಲ್ಲಿ ಹೋಗಿ ಬರುತ್ತದೆ. ಫಾರಂ ಅದೇ ಪುಟದಲ್ಲಿದ್ದರೂ ಅದರತ್ತ ತಿರುಗಿ ನೋಡುವುದಿಲ್ಲ. ಮಾಹಿತಿಯನ್ನು ಎರಡನೆಯ ಆರ್ಗ್ಯುಮೆಂಟ್ ಆಗಿ ನೀವೇ ಅದರ ಕೈಗೆ ಕೊಡಬೇಕು.

ಯಾವ ರೂಪದಲ್ಲಿ ಕೊಡುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಫಾರಂ ಮೇಲೆ ‘ಸೀರಿಯಲೈಜ್’ ಕರೆದರೆ ಸಿಗುವುದು ಸ್ಟ್ರಿಂಗ್, ಅಂದರೆ ಎಲ್ಲವೂ ಸೇರಿದ ಒಂದೇ ಸಾಲಿನ ಪಠ್ಯ. ಸ್ಟ್ರಿಂಗ್ ಸಿಕ್ಕರೆ ಲೋಡ್ ಗೆಟ್ ವಿಧಾನ ಹಿಡಿಯುತ್ತದೆ, ಮಾಹಿತಿಯೆಲ್ಲ ವಿಳಾಸದ ಬಾಲಕ್ಕೆ ಅಂಟಿಕೊಳ್ಳುತ್ತದೆ. ‘ಸೀರಿಯಲೈಜ್ ಅರೇ’ ಕರೆದರೆ ಸಿಗುವುದು ಹೆಸರು-ಮೌಲ್ಯಗಳ ಆಬ್ಜೆಕ್ಟ್ ಪಟ್ಟಿ, ಆಗ ಮಾಹಿತಿ ವಿಳಾಸಕ್ಕೆ ಅಂಟದೆ ಬೇರೆಯಾಗಿ ಹೋಗುವ ಪೋಸ್ಟ್ ಆಗುತ್ತದೆ. ನಿಮ್ಮ ಆಕ್ಷನ್ (ಕೋರಿಕೆಗೆ ಉತ್ತರಿಸುವ ಕಂಟ್ರೋಲರ್‌ನ ಫಂಕ್ಷನ್) ಪೋಸ್ಟ್‌ಗೆ ಮಾತ್ರ ಮೀಸಲಾಗಿದ್ದು ನೀವು ಸ್ಟ್ರಿಂಗ್ ಕೊಟ್ಟರೆ ಎಂವಿಸಿ 5ರಲ್ಲಿ 404, ಅಂದರೆ ‘ಸಿಗಲಿಲ್ಲ’ ಎಂಬ ದೋಷ ಬರುತ್ತದೆ. ವಿಳಾಸ ಸರಿಯಿದ್ದರೂ ಬರುತ್ತದೆ. ಹೊಸಬರು ಅಲ್ಲಿಯೇ ದಿನಗಟ್ಟಲೆ ಸಿಕ್ಕಿಕೊಳ್ಳುತ್ತಾರೆ.

ನಾನು ಸಿಕ್ಕಿಕೊಂಡದ್ದು ಇನ್ನೊಂದು ಕಡೆ. ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ತಂತ್ರಾಂಶ ಬರೆಯುತ್ತಿದ್ದೆ. ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂದು ಅಡಿಕೆಯ ಬಗೆ ಆರಿಸಿ, ಷರಾ ಬರೆದು ಗುಂಡಿ ಒತ್ತಿದರೆ ಕೆಳಗೆ ರೈತರ ಆ ಬಗೆಯ ಮೂಟೆಗಳ ಪಟ್ಟಿ ಬರಬೇಕು. ನನ್ನ ಮೇಜಿನ ಮೇಲೆ ಬರುತ್ತಿತ್ತು, ಮಂಡಿಯಲ್ಲಿ ಕೆಲವೊಮ್ಮೆ ಬರುತ್ತಿರಲಿಲ್ಲ. ಎರಡು ದಿನ ಹುಡುಕಿದೆ. ಕೊನೆಗೆ ಅಲ್ಲಿನ ಗುಮಾಸ್ತರು, “ಷರಾ ಚಿಕ್ಕದಾಗಿದ್ದರೆ ಬರುತ್ತದೆ ಸಾರ್, ಉದ್ದ ಬರೆದರೆ ಬರುವುದಿಲ್ಲ” ಎಂದರು. ಕೀಲಿ ಅಲ್ಲಿತ್ತು.

ನಾನು ಕಳುಹಿಸುತ್ತಿದ್ದುದು ಸ್ಟ್ರಿಂಗ್, ಅಂದರೆ ಗೆಟ್. ವಿಳಾಸದಲ್ಲಿ ಕನ್ನಡ ಹಾಗೆಯೇ ಹೋಗುವುದಿಲ್ಲ. ಯೂನಿಕೋಡ್‌ನ ಒಂದೊಂದು ಕನ್ನಡ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್, ಒಂದೊಂದು ಬೈಟ್‌ಗೂ ಶೇಕಡಾ ಗುರುತು ಸೇರಿ 3 ಅಕ್ಷರ. ‘ರಾಶಿ’ಯಲ್ಲಿ ರ, ದೀರ್ಘ, ಶ, ಗುಡಿಸು ಎಂದು 4 ಚಿಹ್ನೆಗಳಿವೆ, ವಿಳಾಸದಲ್ಲಿ ಅದು 36 ಅಕ್ಷರ. ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್‌ನಲ್ಲಿ ಕ್ವೆರಿ ಸ್ಟ್ರಿಂಗ್‌ಗೆ, ಅಂದರೆ ವಿಳಾಸದ ಆ ಬಾಲಕ್ಕೆ, ನಾವು ಬದಲಿಸದಿದ್ದರೆ ಇರುವ ಮಿತಿ 2048 ಅಕ್ಷರ. ಎಂದರೆ ಕನ್ನಡದ ಷರಾ 225 ಚಿಹ್ನೆಗಳ ಆಸುಪಾಸಿಗೆ ಬಂದರೆ ಮುಗಿಯಿತು. ನಾನು ಪರೀಕ್ಷಿಸುವಾಗ ಇಂಗ್ಲಿಷ್‌ನಲ್ಲಿ ಎರಡು ಪದ ಹಾಕಿ ನೋಡುತ್ತಿದ್ದೆ. ಕನ್ನಡಿಗರು ಬಳಸುವ ತಂತ್ರಾಂಶವನ್ನು ಕನ್ನಡದಲ್ಲೇ, ಅದೂ ಉದ್ದುದ್ದ ಬರೆದು ಪರೀಕ್ಷಿಸಬೇಕು ಎಂದು ಅಂದಿನಿಂದ ಜೊತೆಯವರಿಗೆಲ್ಲ ಹೇಳುತ್ತಿದ್ದೇನೆ. ಸೀರಿಯಲೈಜ್ ಅರೇಗೆ ಬದಲಿಸಿದೆ, ಸರಿಹೋಯಿತು.

ಇಷ್ಟು ದಿನ ಇದು ಕಣ್ಣಿಗೆ ಬೀಳದಿರಲು ಇನ್ನೊಂದು ಕಾರಣವಿದೆ. ವಿಫಲವಾದರೆ ಲೋಡ್ ಬಾಯಿಬಿಡುವುದಿಲ್ಲ, ಹಳೆಯ ಭಾಗ ಹಾಗೆಯೇ ಉಳಿಯುತ್ತದೆ. ಮೂರನೆಯ ಆರ್ಗ್ಯುಮೆಂಟ್ ಆಗಿ ಒಂದು ಫಂಕ್ಷನ್ ಕೊಟ್ಟು, ಸ್ಥಿತಿ ‘ಎರರ್’ ಎಂದಿದ್ದರೆ ಬಳಸುವವರಿಗೆ ಕಾಣುವಂತೆ ತಿಳಿಸಿ.

ಪೋಸ್ಟ್ ಆದಮೇಲೂ ಒಂದೆರಡು ಮೌಲ್ಯ ಖಾಲಿ ಬರುತ್ತಿದ್ದರೆ ಇನ್‌ಪುಟ್‌ಗೆ ‘ನೇಮ್’ ಇದೆಯೇ ನೋಡಿ. ‘ಐಡಿ’ ಮಾತ್ರ ಇದ್ದರೆ ಅದು ಹೋಗುವುದಿಲ್ಲ. ಆ ಹೆಸರು ನಿಮ್ಮ ಮಾಡೆಲ್‌ನ ಪ್ರಾಪರ್ಟಿಯ ಹೆಸರೇ ಆಗಿರಬೇಕು. ‘ಡಿಸೇಬಲ್ಡ್’ ಮಾಡಿದ ಇನ್‌ಪುಟ್ ಕೂಡ ಹೋಗುವುದಿಲ್ಲ. ತಿದ್ದಬಾರದು, ಆದರೆ ಹೋಗಬೇಕು ಎಂದಿದ್ದರೆ ‘ರೀಡ್‌ಓನ್ಲಿ’ ಮಾಡಿ. ಕಡತ ಕಳುಹಿಸುವುದಿದ್ದರೆ ಈ ದಾರಿ ಬೇಡ, ‘ಫಾರಂಡೇಟಾ’ ಬಳಸಿ. ಆಕ್ಷನ್ ಹಿಂದಿರುಗಿಸುವುದು ಪಾರ್ಷಿಯಲ್ ವ್ಯೂ (ಪುಟದ ಒಂದು ತುಣುಕು ಮಾತ್ರ) ಆಗಿರಲಿ, ಇಲ್ಲವಾದರೆ ಪುಟದೊಳಗೆ ಇನ್ನೊಂದು ಇಡೀ ಪುಟ ಬಂದು ಕೂರುತ್ತದೆ.

ಮಲೆನಾಡಿನಲ್ಲಿ ಬಳಕೆಯಾಗುವ ತಂತ್ರಾಂಶವಾದರೆ ಇನ್ನೊಂದು ಮಾತು. ಮಳೆಗಾಲದಲ್ಲಿ ಹೊಸನಗರದ ಕಡೆಯಿಂದ ಬಳಸುವಾಗ ಸಂಪರ್ಕ ಎಳೆದಾಡುತ್ತದೆ, ಜನ ಗುಂಡಿಯನ್ನು ಎರಡು ಮೂರು ಸಲ ಒತ್ತುತ್ತಾರೆ. ರಾಶಿಯ ಉತ್ತರ ತಡವಾಗಿ ಬಂದು, ಆಗಲೇ ಬಂದ ಬೆಟ್ಟೆಯ ಪಟ್ಟಿಯ ಮೇಲೆ ಕೂರಬಹುದು. ಹಣ ಲೆಕ್ಕ ಹಾಕುವ ಪುಟದಲ್ಲಿ ಇದು ಅಪಾಯ. ಅಂಥ ಕಡೆ ಲೋಡ್ ಬಿಟ್ಟು ಜೇಕ್ವೆರಿಯ ‘ಅಜಾಕ್ಸ್’ ಕರೆಯನ್ನೇ ಬಳಸಿ, ಅದು ಕೊಡುವ ಆಬ್ಜೆಕ್ಟನ್ನು ಇಟ್ಟುಕೊಂಡು, ಹೊಸ ಕರೆಗೆ ಮೊದಲು ಹಳೆಯದನ್ನು ‘ಅಬಾರ್ಟ್’ (ರದ್ದು) ಮಾಡಿ.

ಸದ್ಯಕ್ಕೆ ಎಫ್12 ಒತ್ತಿ ನೆಟ್‌ವರ್ಕ್ ವಿಭಾಗದಲ್ಲಿ ನಿಮ್ಮ ಕರೆ ಗೆಟ್ ಆಗಿ ಹೋಗುತ್ತಿದೆಯೋ ಪೋಸ್ಟ್ ಆಗಿಯೋ, ಜೊತೆಗೆ ಯಾವ ಹೆಸರುಗಳು ಹೋಗುತ್ತಿವೆ ನೋಡಿ, ಕಂಡದ್ದನ್ನು ಇಲ್ಲಿಯೇ ಬರೆಯಿರಿ.