ಅರಳು ಮರಳು ಅಂದುಬಿಟ್ಟರೆ ಮುಗಿಯಿತೇ?

ನನ್ನ ಹತ್ತಿರ ಸಲಹೆಗೆ ಬಂದಿದ್ದ ಒಬ್ಬರ ಕತೆ ಇದು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಹೊಸನಗರ ಕಡೆಯ 68 ವರ್ಷದ ತಾಯಿ. ಮಗ ಕರೆದುಕೊಂಡು ಬಂದಿದ್ದರು. "ಅಮ್ಮಂಗೆ ಮರೆವು ಶುರುವಾಗಿದೆ ಮೇಡಂ. ಒಂದಿನ ಗ್ಯಾಸ್ ಆರಿಸೋದೇ ಮರೆತಿದ್ದಳು. ಅಡುಗೆಮನೆಗೆ ಬರಬೇಡ, ಸುಮ್ನೆ ಆರಾಮಾಗಿರು ಅಂದಿದೀವಿ."

ತಾಯಿಗೆ ಕೇಳಿದ ಪ್ರಶ್ನೆಗೂ ಮಗನೇ ಉತ್ತರ ಕೊಡುತ್ತಿದ್ದರು. ತಾಯಿ ಹೇಳಿದ್ದು ಒಂದೇ ಮಾತು: "ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ನಂಗೆ ಅದಾಗಿ ಎಂಟು ವರ್ಷ ಆತು."

ಮಗನನ್ನು ಹೊರಗೆ ಕೂರಲು ಹೇಳಿದೆ. ಅವರ ಹತ್ತಿರ ಕೂತು, ಅಪ್ಪೆಮಿಡಿ ಉಪ್ಪಿನಕಾಯಿ ಹೇಗೆ ಹಾಕ್ತೀರಿ ಅಂತ ಕೇಳಿದೆ. ಮುಖವೇ ಬದಲಾಯಿತು. ಮಿಡಿ ನೆಲಕ್ಕೆ ಬೀಳಬಾರದು, ತೊಟ್ಟು ಮುರಿದರೆ ಸೊನೆ ಹೋಗುತ್ತೆ, ಕಲ್ಲುಪ್ಪಿನಲ್ಲಿ ಚಿರುಟುವ ತನಕ ಕಾಯಬೇಕು, ಆ ಉಪ್ಪುನೀರು ಕುದಿಸಿ ಆರಿಸಿ ಅದರಲ್ಲೇ ಸಾಸಿವೆ, ಮೆಣಸು ರುಬ್ಬಬೇಕು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಆಮೇಲೆ ಮೆಲ್ಲಗೆ, "ಈ ವರ್ಷ ಹಾಕ್ಲಿಲ್ಲ. ಅಂಗಡಿದು ತಂದ್ರು" ಅಂದರು. ನನಗೆ ಸಂಕಟವಾಯಿತು.

ಹಳೆಯ ಕೈರುಚಿ ನೆನಪಿದ್ದ ಮಾತ್ರಕ್ಕೆ ಮರೆವಿನ ಕಾಯಿಲೆ ಇಲ್ಲ ಅನ್ನಲಾಗದು. ಅದಕ್ಕೇ ನೆನಪಿನ ಪರೀಕ್ಷೆ, ಬಿ12 ವಿಟಮಿನ್, ಥೈರಾಯ್ಡ್, ಕಿವಿ ಎಲ್ಲ ನೋಡಿಸಲು ಹೇಳಿದೆ. ನೆನಪು ವಯಸ್ಸಿಗೆ ತಕ್ಕಂತೆಯೇ ಇತ್ತು. ಬಿ12 ಕಡಿಮೆ, ಎರಡೂ ಕಿವಿ ಮಂದ. ಕೇಳಿಸದೇ ಹೋದದ್ದನ್ನೆಲ್ಲ ಮನೆಯವರು ಮರೆವಿನ ಲೆಕ್ಕಕ್ಕೆ ಬರೆದಿದ್ದರು! ವಯಸ್ಸಾಯ್ತು ಅಂತ ಬಿಟ್ಟುಬಿಟ್ಟಿದ್ದರೆ ಇವೆರಡೂ ಹಾಗೇ ಉಳಿಯುತ್ತಿದ್ದವು.

ಮಗನಿಗೆ ಹೇಳಿದೆ: ಗ್ಯಾಸ್ ನೀವೂ ಮರೆತಿರ್ತೀರಿ, ಅಲ್ವಾ? ನಿಮಗಾದರೆ ಅದು ಕೆಲಸದ ಒತ್ತಡ, ಅಮ್ಮನಿಗಾದರೆ ವಯಸ್ಸು. ನಿಮ್ಮದು ಪ್ರೀತಿಯೇ, ಆದರೆ ಅದು ಅವರ ಕೈ ಕಟ್ಟಿಹಾಕಿದೆ. ಅಮೆರಿಕದ ಸಂಶೋಧಕಿ ಬೆಕ್ಕಾ ಲೆವಿ ಅವರ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಸುಮಾರು ಏಳೂವರೆ ವರ್ಷ ಜಾಸ್ತಿ ಬದುಕಿದ್ದರು. ಅಮ್ಮನ ಎದುರು ನಾವು ಆಡುವ ಮಾತು ಅವರೊಳಗೆ ಇಳಿಯುತ್ತದೆ. ಕಿವಿಯ ಯಂತ್ರ ಕೊಡಿಸಿ. ಎದುರು ಕೂತು ನಿಧಾನ ಮಾತಾಡಿ. ಡಾಕ್ಟರ್ ನಿಮ್ಮನ್ನು ಕೇಳಿದರೆ, "ಅಮ್ಮನನ್ನೇ ಕೇಳಿ" ಅನ್ನಿ.

ತಾಯಿಗೆ ಹೇಳಿದ್ದು ಇಷ್ಟೇ: ಒಲೆ ಹಚ್ಚಿದಾಗ ಟೈಮರ್ ಇಟ್ಟುಕೊಳ್ಳಿ. ಅರಳು ಮರಳು ಅನ್ನೋ ಮಾತು ನಿಮ್ಮ ಬಾಯಲ್ಲಿ ಬೇಡ.

ಈಗ ಬೆಳಗಿನ ತಿಂಡಿ ಅವರದೇ. ಮಗ ಮಾತ್ರ ಆಫೀಸಿನಿಂದ ದಿನಾ ಫೋನ್ ಮಾಡಿ, "ಗ್ಯಾಸ್ ಆರಿಸಿದ್ಯಾ?" ಅಂತ ಕೇಳುತ್ತಾರಂತೆ. ಅದರ ಬದಲು "ಏನ್ ತಿಂಡಿ ಮಾಡಿದ್ದೆ?" ಅಂತ ಕೇಳಿ ಅಂದಿದ್ದೇನೆ.