ಸಬ್‌ಮರೀನರ್ ಹೋಲುವ ಗಡಿಯಾರವನ್ನು ಮನೆಯಲ್ಲೇ ಜೋಡಿಸಬಹುದೇ?

ಪ್ರಶ್ನೆ: ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ರೋಲೆಕ್ಸ್ ಸಬ್‌ಮರೀನರ್ ಗಡಿಯಾರವೆಂದರೆ ಬಹಳ ಇಷ್ಟ, ಕೊಳ್ಳುವ ಶಕ್ತಿಯಿಲ್ಲ. ಬಿಡಿಭಾಗಗಳನ್ನು ತರಿಸಿ ಅದರ ಪ್ರತಿರೂಪವನ್ನು ನಾನೇ ಜೋಡಿಸಬೇಕೆಂದಿದ್ದೇನೆ. ಕಂಪನಿಯ ಹೆಸರು, ಕಿರೀಟದ ಗುರುತು ಇರುವ ಡಯಲ್‌ಗಳೂ ಸಿಗುತ್ತವೆ. ಮಾರುವ ಉದ್ದೇಶವಿಲ್ಲದಿದ್ದರೆ ಅಂಥ ಡಯಲ್ ಹಾಕುವುದು ತಪ್ಪೇ? ಒಳಗಿನ ಮಷೀನು ಯಾವುದಿರಬೇಕು?

ಉತ್ತರ: ಗಡಿಯಾರವನ್ನು ಅಗತ್ಯವಾಗಿ ಜೋಡಿಸಿ, ಆದರೆ ಆ ಹೆಸರಿನ ಡಯಲ್ ತರಿಸಬೇಡಿ.

ಸಬ್‌ಮರೀನರ್ 1953ರ ಮಾದರಿ. ಅದೇ ವರ್ಷ ಬ್ಲಾಂಪೇನ್ ಕಂಪನಿಯೂ ಮುಳುಗುಗಾರರಿಗಾಗಿ ಕಪ್ಪು ಡಯಲ್, ಕತ್ತಲಲ್ಲಿ ಹೊಳೆಯುವ ಗುರುತುಗಳು ಮತ್ತು ತಿರುಗುವ ಬೆಜಲ್ (ಡಯಲ್ ಸುತ್ತಲಿನ ಉಂಗುರ) ಇರುವ ಗಡಿಯಾರವನ್ನು ತಂದಿತು. ನೀರಿನಡಿ ಎಷ್ಟು ನಿಮಿಷ ಕಳೆಯಿತೆಂದು ಒಂದೇ ನೋಟಕ್ಕೆ ತಿಳಿಯಬೇಕೆಂಬ ಅಗತ್ಯದಿಂದ ಹುಟ್ಟಿದ ಈ ವಿನ್ಯಾಸವನ್ನು ಅಂದಿನಿಂದ ಹಲವು ಕಂಪನಿಗಳು ತಮ್ಮ ತಮ್ಮ ಹೆಸರಿನಲ್ಲಿ ಬಳಸುತ್ತ ಬಂದಿವೆ. ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ: ಕಟಿಂಗ್ ಎಲ್ಲರದು, ಸೊಂಟದ ಮೇಲಿನ ಚೀಟಿ ಮಾತ್ರ ಅದರ ಒಡೆಯನದು.

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103ನೆಯ ಕಲಮಿನ ಪ್ರಕಾರ, ಇನ್ನೊಬ್ಬರ ಗುರುತನ್ನು ಸುಳ್ಳಾಗಿ ವಸ್ತುವಿನ ಮೇಲೆ ಹಾಕಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವಿದೆ. ಮೋಸದ ಉದ್ದೇಶ ಇರಲಿಲ್ಲವೆಂದು ತೋರಿಸಿಕೊಳ್ಳುವ ಹೊಣೆಯೂ ಹಾಕಿದವರ ಮೇಲೆಯೇ ಬೀಳುತ್ತದೆ. ವಿದೇಶದಿಂದ ಬರುವ ನಕಲಿ ಗುರುತಿನ ಭಾಗಗಳನ್ನು ಸುಂಕದ ಅಧಿಕಾರಿಗಳು 2007ರ ನಿಯಮಗಳಡಿ ತಡೆಹಿಡಿಯಬಹುದು.

ಕಾನೂನಿಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೇರೆ. ಕೆಲವು ವರ್ಷಗಳ ಹಿಂದೆ ಹೆಣ್ಣುಮಗಳೊಬ್ಬರು ತೀರಿಕೊಂಡ ಗಂಡನ ಗಡಿಯಾರವನ್ನು ಕರ್ಚೀಪಿನಲ್ಲಿ ಸುತ್ತಿ ತಂದು, ಇದನ್ನು ಮಾರಿದರೆ ಮಗಳ ಕಾಲೇಜಿನ ಫೀಸಿಗೆ ಆಗುತ್ತದೆಯೇ ಎಂದು ಕೇಳಿದರು. ಹಿಂಬದಿಯ ಮುಚ್ಚಳ ತೆಗೆದು ಒಳಗಿನ ಅಗ್ಗದ ಮಷೀನನ್ನು ಕಂಡ ಮೇಲೆ, ತಲೆಯೆತ್ತಿ ಅವರಿಗೆ ವಿಷಯ ತಿಳಿಸಲು ನನಗೆ ಬಹಳ ಹೊತ್ತು ಹಿಡಿಯಿತು. ಗಂಡ ಅದನ್ನು ಗೊತ್ತಿದ್ದೇ ಕಟ್ಟಿಕೊಂಡಿದ್ದಿರಬಹುದು, ಹೆಂಡತಿಗೆ ಗೊತ್ತಿರಲಿಲ್ಲ. ನೀವು ಮಾರದಿದ್ದರೂ ನಿಮ್ಮ ಗಡಿಯಾರ ಎಂದಾದರೊಂದು ದಿನ ಇನ್ನೊಬ್ಬರ ಕೈಗೆ ಹೋಗುತ್ತದೆ.

ಮಷೀನಿಗೆ ಬಂದರೆ, ಜಪಾನಿನ ಸೈಕೋ ಸಮೂಹದ ಎನ್‌ಎಚ್ 35 ನಿಮಗೆ ಒಪ್ಪುತ್ತದೆ. ಅದು 24 ಜ್ಯುವೆಲ್‌ಗಳ, ಅಂದರೆ ಸವೆತ ತಡೆಯುವ ಸಣ್ಣ ಹರಳುಗಳ, ಆಟೊಮ್ಯಾಟಿಕ್; ಕೈಯ ಅಲುಗಾಟದಿಂದಲೇ ಕೀ ತುಂಬಿಕೊಳ್ಳುತ್ತದೆ. ಕೈಯಿಂದಲೂ ಕೀ ಕೊಡಬಹುದು, ಪೂರ್ತಿ ಕೀ ಕೊಟ್ಟರೆ ಸುಮಾರು 41 ಗಂಟೆ ನಡೆಯುತ್ತದೆ. ಗಂಟೆಗೆ 21,600 ಬಡಿತವಾದ್ದರಿಂದ ಸೆಕೆಂಡು ಮುಳ್ಳು ಸೆಕೆಂಡಿಗೆ 6 ಸಣ್ಣ ಹೆಜ್ಜೆ ಇಡುತ್ತದೆ. 28,800 ಬಡಿತದ ಈಗಿನ ಸಬ್‌ಮರೀನರ್‌ನಲ್ಲಿ ಅದು 8 ಹೆಜ್ಜೆ. ದಿನಕ್ಕೆ 20 ಸೆಕೆಂಡು ಹಿಂದೆ ಅಥವಾ 40 ಸೆಕೆಂಡು ಮುಂದೆ ಹೋದರೂ ತಯಾರಕರ ಲೆಕ್ಕದಲ್ಲಿ ಅದು ಸರಿಯೇ. ಡಯಲ್ 28.5 ಮಿಲಿಮೀಟರ್ ಇರಲಿ. ಚಿಕ್ಕ ಮುಳ್ಳಿನ ತೂತು 1.50, ದೊಡ್ಡ ಮುಳ್ಳಿನದು 0.90 ಮಿಲಿಮೀಟರ್ ಇರಬೇಕು. ಕೀ 3 ಗಂಟೆಯ ಕಡೆ ಇರುವ ಕೇಸಿಗೆ, ಕೀ 4ರ ಕಡೆ ಇರುವ ಮಾದರಿಯ ಡಯಲ್‌ನ ಕಾಲುಗಳು (ಹಿಂಬದಿಯ ಸಣ್ಣ ಕಡ್ಡಿಗಳು) ಕೂರುವುದಿಲ್ಲ. ತರಿಸುವ ಮೊದಲೇ ಇದನ್ನು ವಿಚಾರಿಸಿ.

ಮೊದಲು ಹಳೆಯ, ನಿಂತುಹೋದ ಎಚ್‌ಎಂಟಿ ಒಂದನ್ನು ಹುಡುಕಿ, ಮುಳ್ಳು ತೆಗೆದು ಹಾಕುವುದನ್ನು ಅದರ ಮೇಲೆ ಹತ್ತಾರು ಸಲ ಅಭ್ಯಾಸ ಮಾಡಿ. ಬೆಂಗಳೂರಿನಲ್ಲಿ 1961ರಿಂದ ತಯಾರಾದ ಆ ಗಡಿಯಾರಗಳಿಂದಲೇ ನಾನೂ ಕೆಲಸ ಕಲಿತೆ.

ನಿಮ್ಮ ದೊಡ್ಡ ಶತ್ರು ಧೂಳು. ಗಿರಣಿಯಿಂದ ಬಂದ ಬಟ್ಟೆಯಲ್ಲಿ ಕೂರಬೇಡಿ. ತೌಡಿನ ಒಂದು ಕಣ ಗ್ಲಾಸಿನ ಕೆಳಗೆ ಸಿಕ್ಕಿದರೆ ಕಪ್ಪು ಡಯಲ್ ಮೇಲೆ ಅದೇ ಎದ್ದು ಕಾಣುತ್ತದೆ. ಫ್ಯಾನು ಆರಿಸಿಯೇ ಕೆಲಸ ಮಾಡಬೇಕಾದ್ದರಿಂದ, ನಮ್ಮ ಕಡೆಯ ಬೇಸಿಗೆಯಲ್ಲಿ ಬೆಳಗಿನ ಜಾವವೇ ತಕ್ಕ ಸಮಯ. ಡಯಲನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಬಾಯಿಂದ ಊದಬೇಡಿ, ರಬ್ಬರ್ ಬುರುಡೆಯಿಂದ ಗಾಳಿ ಹಾಯಿಸಿ.

ಮುಳ್ಳು ಕೂರಿಸುವ ಮೊದಲು, ಸಮಯ ಬದಲಿಸುವ ಹಾಗೆ ಕೀ ತಿರುಗಿಸುತ್ತ ತಾರೀಖು ಬದಲಾಗುವುದನ್ನು ಕಾಯಿರಿ. ಅಂಕಿ ಜಿಗಿದ ಕ್ಷಣದಲ್ಲೇ ನಿಲ್ಲಿಸಿ ಚಿಕ್ಕ ಮುಳ್ಳನ್ನೂ ದೊಡ್ಡ ಮುಳ್ಳನ್ನೂ ನೇರವಾಗಿ 12ಕ್ಕೆ ಒತ್ತಿದರೆ ಮುಂದೆ ತಾರೀಖು ಮಧ್ಯರಾತ್ರಿಯ ಸುಮಾರಿಗೇ ಬದಲಾಗುತ್ತದೆ, ಇಲ್ಲವಾದರೆ ಮಧ್ಯಾಹ್ನವೂ ಬದಲಾಗಬಹುದು. ಸೆಕೆಂಡು ಮುಳ್ಳು ಕೊನೆಗೆ. ಅದರ ಸಣ್ಣ ಕೊಳವೆ ಸೂಜಿಯಂಥ ಕಡ್ಡಿಯ ಮೇಲೆ ಕೂರಬೇಕು. ವಾಲಿದಂತೆ ಕಂಡರೆ ಒತ್ತದೆ ಎತ್ತಿ, ಮತ್ತೆ ಇಡಿ. ಆಮೇಲೆ ಗಡಿಯಾರವನ್ನು ಅಡ್ಡ ಹಿಡಿದು, ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ನೋಡಿದಾಗ ಮೂರು ಮುಳ್ಳುಗಳ ನಡುವೆಯೂ ಬೆಳಕು ಹಾಯಬೇಕು.

ಹೆಸರಿಲ್ಲದ ಖಾಲಿ ಡಯಲ್‌ಗಳು ಸಿಗುತ್ತವೆ. 12ರ ಕೆಳಗೆ ನಿಮ್ಮ ಹೆಸರನ್ನೋ ಊರಿನ ಹೆಸರನ್ನೋ ಕನ್ನಡದಲ್ಲಿ ಹಾಕಿಕೊಂಡರೆ ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ಆದರೆ ಎಷ್ಟು ಆಳದವರೆಗೆ ನೀರು ತಡೆಯುತ್ತದೆಂದು ಹೇಳುವ, ಮೂಲದಲ್ಲಿರುವ 300 ಮೀಟರ್ ಎಂಬ ಬರಹವನ್ನು ಮಾತ್ರ ಹಾಕಬೇಡಿ. ನೀರು ತಡೆಯುವ ರಬ್ಬರ್ ರಿಂಗುಗಳಿಗೆ ಸಿಲಿಕೋನ್ ಗ್ರೀಸ್ ಸವರಿ, ಒತ್ತಡದ ಯಂತ್ರವಿರುವ ಅಂಗಡಿಯಲ್ಲಿ ಪರೀಕ್ಷೆ ಮಾಡಿಸುವವರೆಗೆ ಅದನ್ನು ಕಟ್ಟಿಕೊಂಡು ತುಂಗಭದ್ರೆಗೆ ಇಳಿಯಬೇಡಿ.