ಚೇತರಿಸಿಕೊಳ್ಳುತ್ತಿರುವ ರೀಫ್ ಟ್ಯಾಂಕಿನಲ್ಲಿ ಪಾಚಿ: ಏನು ಮಾಡಬೇಕು?

ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಹವಳಗಳು ಸುಧಾರಿಸುತ್ತಿವೆ, ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್ ಸೊನ್ನೆ, ಆದರೂ ಕಲ್ಲಿನ ಮೇಲೆ ಕೂದಲಿನಂಥ ಹಸಿರು ಪಾಚಿ ಯಾಕೆ ಅಂತ ಕೇಳಿದ್ದೀರಿ. ಆ ಸೊನ್ನೆಯನ್ನು ನಂಬಬೇಡಿ. ನೀರಿಗೆ ಬಂದ ನೈಟ್ರೇಟನ್ನು ಪಾಚಿಯೇ ತಿಂದು ಮುಗಿಸುತ್ತಿರುತ್ತದೆ. ಹಳೇ ಕಲ್ಲು ಬೇರೆ, ಹೀರಿಕೊಂಡಿದ್ದ ಫಾಸ್ಫೇಟನ್ನು (ಇದೂ ಪಾಚಿಗೆ ಆಹಾರವೇ) ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತದೆ.

ಮೊದಲು ಕೈಯಿಂದಲೇ ಕಿತ್ತು ಹಾಕಿ. ಹೊರಗೆ ತೆಗೆಯಲು ಬರುವ ಕಲ್ಲಾದರೆ ಟ್ಯಾಂಕಿನದೇ ಉಪ್ಪುನೀರು ತುಂಬಿದ ಬಕೆಟ್‌ನಲ್ಲಿಟ್ಟು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಜಾಲಾಡಿಸಿ ವಾಪಸ್ ಇಡಿ. ಟ್ಯಾಂಕೊಳಗೇ ಉಜ್ಜಿದರೆ ಚೂರುಗಳು ಎಲ್ಲ ಕಡೆ ಹರಡಿ ಮತ್ತೆ ಬೆಳೆಯುತ್ತವೆ. ಬಕೆಟ್ ನೀರನ್ನು ಚೆಲ್ಲಿಬಿಡಿ. ಟರ್ಬೊ ಬಸವನಹುಳು ಬಿಡುವುದು ಇದಾದ ಮೇಲೆ. ಉದ್ದ ಬೆಳೆದ ಪಾಚಿಯನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ, ಮೋಟು ಪಾಚಿಯನ್ನು ಚೆನ್ನಾಗಿ ಮೇಯುತ್ತವೆ.

ಹಾಕುವ ನೀರು ಆರ್‌ಒ ಡಿಐ ಫಿಲ್ಟರ್‌ನಲ್ಲಿ ಪೂರ್ತಿ ಶುದ್ಧಮಾಡಿದ್ದೇ ಆಗಿರಲಿ, ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) 0. ಮೀನಿಗೆ ಹಾಕುವ ಆಹಾರ ಸ್ವಲ್ಪ ಕಡಿಮೆ ಮಾಡಿ. ಆದರೆ ಫಾಸ್ಫೇಟ್ ತೆಗೆಯುವ ಜಿಎಫ್‌ಒ (ಕಬ್ಬಿಣದ ಆಕ್ಸೈಡ್ ಹರಳು) ಒಮ್ಮೆಲೇ ಜಾಸ್ತಿ ಹಾಕಬೇಡಿ. ನೈಟ್ರೇಟ್, ಫಾಸ್ಫೇಟ್‌ನಂಥ ಪೋಷಕಾಂಶ ಪೂರ್ತಿ ಬರಿದಾದರೆ ಹವಳ ಬಿಳಿಚಿಕೊಳ್ಳುತ್ತದೆ. ಜೊತೆಗೆ ಗುಳ್ಳೆ ಸಿಕ್ಕಿಕೊಂಡ ಕಂದು ಲೋಳೆ, ಅಂದರೆ ಡೈನೋ (ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ), ಬರುವ ಭಯ ಬೇರೆ. ಅದರ ಮುಂದೆ ಈ ಹಸಿರು ಪಾಚಿ ಎಷ್ಟೋ ವಾಸಿ, ನಿಜವಾಗಿ. ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಒಳಗಿದ್ದರೆ ಸಾಕು.